ಸಂಬಂಧ ಎಂಬ ಕಾಲಂ

ಕ್ರಾಫರ್ಡ್ ಹಾಲಿನಲ್ಲಿ ದತ್ತಿ ವಿಭಾಗದ ಗುಮಾಸ್ತ
ನಮೂನೆಯೊಂದನ್ನು ಮುಂದಿಟ್ಟ.
ನಮೂನೆ ನನಗೆ ಹೊಸತಲ್ಲ,
ಮಂಡ್ಯದ ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ
ಮೇಜಿನ ಆಚೆ ಬದಿಯಿಂದ ಕೊಟ್ಟವಳು.
ಈಚೆ ಕೂತು ತುಂಬಿದ್ದು ಅಂದೇ ಮೊದಲು.

ಹೆಸರು: ಇಂದ್ರಾಣಮ್ಮ, ನಿವೃತ್ತ ಶಿರಸ್ತೇದಾರ್.
ಮೊತ್ತ: ಆರು ಲಕ್ಷ. ಗ್ರಾಚ್ಯುಟಿಯಲ್ಲಿ ಉಳಿದದ್ದು,
ತಮ್ಮನ ಮಗಳ ಮದುವೆ, ನನ್ನ ಎಡಗಣ್ಣಿನ ಪೊರೆ ಕಳೆದು.
ಯಾರಿಗೆ: ಸಾರ್ವಜನಿಕ ಆಡಳಿತದ ಎಂ.ಎ. ಓದುತ್ತ
ಮುಂದೆ ಜನರ ಕೆಲಸಕ್ಕೇ ಹೋಗುತ್ತೇನೆನ್ನುವ ಒಬ್ಬರಿಗೆ.
ಯಾರ ಹೆಸರಲ್ಲಿ: ಕೆಂಪಾಜಮ್ಮ.
ಸಂಬಂಧ:

ಪೆನ್ನು ಅಲ್ಲೇ ನಿಂತಿತು.
ತಾಯೀನಾ ಮೇಡಂ? ಅಲ್ಲ. ಅತ್ತೆಯವರಾ? ಅಲ್ಲ.
ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳಲ್ಲ, ಎಂದ.
'ಅರ್ಜಿದಾರಳು' ಎಂದು ಬರೆದೆ.
ಅವನು ನನ್ನ ಮುಖ ನೋಡಿ
'ಪರಿಚಿತರು' ಎಂದು ತಿದ್ದಿಕೊಂಡ.

ಪರಿಚಯವೆಂದರೆ ಇಷ್ಟು.
ವಿಧವಾ ವೇತನ, ತಿಂಗಳಿಗೆ ಎಪ್ಪತ್ತೈದು ರೂಪಾಯಿ.
ಕೆರಗೋಡಿನ ಆಚೆಯಿಂದ, ಕಾರ್ಖಾನೆಗೆ ಹೊರಟ
ಕಬ್ಬಿನ ಗಾಡಿ ಹತ್ತಿ ಬರುತ್ತಿದ್ದಳು,
ಅರೆಯುವ ಕಾಲ ಮುಗಿದ ಮೇಲೆ ನಡೆದು.
ಹನ್ನೊಂದು ಸಲ.
'ಇವತ್ತಾದ್ರೂ ಆಯ್ತದಾ ಕವ್ವಾ?'

ವಯಸ್ಸಿನ ದಾಖಲೆ ಇಲ್ಲ ಎಂದೆ. ತಂದಳು.
ರೇಷನ್ ಕಾರ್ಡಿನಲ್ಲಿ ಕೆಂಪಮ್ಮ ಅಂತಿದೆ ಎಂದೆ.
'ನಮ್ಮೆಜಮಾನ್ರು ಕರೀತಿದ್ದುದೇ ಹಂಗೆ, ಅವ್ರೇ ಬರ್ಸಿದ್ದು.'
ಸಾಹೇಬರು ಕ್ಯಾಂಪ್ ಎಂದೆ.
ಏಳು ಸಲ ನಿಜವಾಗಿಯೂ ಕ್ಯಾಂಪಿನಲ್ಲಿದ್ದರು.
ಉಳಿದ ಸಲ ಫೈಲು ನನ್ನ ಎಡಗಡೆಯ ಖಾನೆಯಲ್ಲಿ,
ಅದರ ಮೇಲೆ ನನ್ನ ಊಟದ ಡಬ್ಬಿ.
ಲಂಚ ಕೇಳಲಿಲ್ಲ.
ಇದನ್ನೇ ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಮೊದಲ ವರ್ಷ ಹಣ ಪಡೆದ ಹುಡುಗ
ಸರಸ್ವತಿಪುರಂನಲ್ಲಿ ಕೋಚಿಂಗ್ ಸೆಂಟರ್ ತೆರೆದ.
ಬೇರೆಯವರನ್ನು ನೌಕರಿಗೆ ಕಳಿಸುತ್ತಾನಂತೆ, ಅದೂ ಒಂದು ಬಗೆ
ಎಂದುಕೊಂಡೆ. ಎರಡು ರಾತ್ರಿ ನಿದ್ದೆ ಬರಲಿಲ್ಲ.
ಬಾಂಡ್ ಬರೆಸಿಕೊಳ್ಳಿ, ಎಂದರು ಪ್ರೊಫೆಸರು.
ಬೇಡ ಎಂದೆ. ಛಾಪಾ ಕಾಗದದ ಒಳ್ಳೆಯತನವನ್ನೆಲ್ಲ
ಕೆಂಪು ದಾರದಲ್ಲಿ ಕಟ್ಟಿ ಗೆದ್ದಲಿಗೆ ಉಣಿಸಿದವಳು ನಾನು.

ಎರಡನೆಯವನು ರೇಚಣ್ಣ, ನರಸೀಪುರದ ಕಡೆ ಪಂಚಾಯಿತಿಯಲ್ಲಿದ್ದಾನೆ.
ಒಮ್ಮೆ ಫೋನು ಮಾಡಿ ಕೇಳಿದ:
ಮೇಲಿನವರು 'ಪರಿಶೀಲಿಸಿ' ಅಂತ ಬರೆದರೆ ಏನರ್ಥ ಮೇಡಂ?
ಬದಿಗಿಡು ಅಂತ, ಎಂದೆ.
ನೀನು ಪರಿಶೀಲಿಸು.

ಈ ವರ್ಷ ಗಂಜಾಮಿನ ನೂರ್ ಆಯಿಷಾ.
ಸಮಿತಿಯವರು ಕೇಳಿದ ವಿಧಿ, ಕಲಮು, ತಿದ್ದುಪಡಿ
ಎಲ್ಲ ಹೇಳಿದಳು.
ನಿಮ್ಮದೇನಾದರೂ ಪ್ರಶ್ನೆ? ವಾಡಿಕೆಯ ಮಾತು ಅದು.
'ಕೆಂಪಾಜಮ್ಮ ಯಾರು?'

ಹೇಳಿದೆ. ಪ್ರೊಫೆಸರು ಗಡಿಯಾರ ನೋಡಿದರು.
'ಕೊನೆಗೆ ದುಡ್ಡು ಬಂತಾ?'
ಮಂಜೂರಾಯಿತಮ್ಮ. ಹನ್ನೆರಡನೆಯ ಸಲ ಅವಳು ಬರಲಿಲ್ಲ.
ಆದೇಶ ಕೊಡಲು ಹೋದ ತಳವಾರ ಹಾಗೇ ವಾಪಸು ತಂದ.
'ಮನೇಲಿ ಯಾರಿದ್ದರು?'

ಅದನ್ನು ನಾನು
ಅವನನ್ನು ಕೇಳಿರಲಿಲ್ಲ.
ಆಮೇಲೂ ಯಾರನ್ನೂ ಕೇಳಿಲ್ಲ,
ದತ್ತಿ ಇಡುವಾಗಲೂ.

ಅವಳ ಹೆಸರಿಗೇ ಬರೆದು ಸಹಿ ಹಾಕಿದೆ:
ಆರೂವರೆ ಬಡ್ಡಿಯಂತೆ ತಿಂಗಳಿಗೆ ಮೂರು ಸಾವಿರದ ಇನ್ನೂರೈವತ್ತು.
ಹಾಸ್ಟೆಲ್ ಮೆಸ್ಸಿಗೆ ಸಾಕು, ಪುಸ್ತಕಕ್ಕೆ ಸಾಲದು.

ಸಂಜೆಯ ರೈಲು ನದಿ ದಾಟುವಾಗ
ಕಿಟಕಿಯ ಕಬ್ಬಿಣ ಇನ್ನೂ ಬಿಸಿಯಿತ್ತು.
ಮಂಡ್ಯದಲ್ಲಿಳಿದು ಮನೆಗೆ ಹೋಗದೆ
ಬಸ್ ನಿಲ್ದಾಣಕ್ಕೆ ಬಂದು ಕೇಳಿದೆ,
ಕೆರಗೋಡಿನ ಕಡೆಗೆ ಎಷ್ಟು ಹೊತ್ತಿಗಪ್ಪ?
ಕಿಂಡಿಯೊಳಗಿನ ಹುಡುಗ ತಲೆ ಎತ್ತದೆ
'ಕಾಯಿರಿ' ಎಂದ.

ಕಾಯುತ್ತಿದ್ದೇನೆ.